ಉಪಲವೇ ಓಪಲ್

ನಮ್ಮ ನವರತ್ನಗಳಲ್ಲಿ ಓಪಲ್ ಇಲ್ಲ. ಹೆಸರು ಮಾತ್ರ ನಮ್ಮದೇ: ಸಂಸ್ಕೃತದ ‘ಉಪಲ’, ಅಂದರೆ ಕಲ್ಲು, ಲ್ಯಾಟಿನ್ನಿಗೆ ಹೋಗಿ ‘ಓಪಲಸ್’ ಆಯಿತೆಂದು ಹಲವು ವಿದ್ವಾಂಸರ ಮತ. ರೋಮಿನ ಪ್ಲಿನಿ ಕ್ರಿ.ಶ. 1ನೇ ಶತಮಾನದಲ್ಲಿ ಇದನ್ನು ಭಾರತದ ರತ್ನವೆಂದೇ ಬರೆದ. ಕಲ್ಲು ಬರುತ್ತಿದ್ದುದು ಬಹುಶಃ ಇಂದಿನ ಸ್ಲೊವಾಕಿಯಾದಿಂದ. ವ್ಯಾಪಾರಿಗಳು ದೂರದೂರಿನ ಹೆಸರು ಹೇಳಿ ಬೆಲೆ ಏರಿಸಿದರೇನೋ!

ಈಗ ನಮ್ಮವರು ಶುಕ್ರನಿಗೆಂದು ತೊಡುವುದು ಸಾಮಾನ್ಯವಾಗಿ ಆಸ್ಟ್ರೇಲಿಯಾದ ಓಪಲ್, ಇಲ್ಲವೇ 2008ರಲ್ಲಿ ಇಥಿಯೋಪಿಯಾದ ವೋಲೊದಲ್ಲಿ ಸಿಕ್ಕ ನಿಕ್ಷೇಪದ್ದು. ಈ ಎರಡನೆಯದು ನೀರು ಹೀರುತ್ತದೆ; ಅಭ್ಯಂಜನದ ಎಣ್ಣೆ, ಅರಿಶಿನ ತಾಗಿದರೆ ಬಣ್ಣ ಕೆಡಬಹುದು. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಂತೆ, ಸಾಲಾಗಿ ಕೂತ ಸಿಲಿಕಾ ಗೋಲಿಗಳೇ ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತವೆ. ಜೊತೆಗೆ ಕಲ್ಲಿನೊಳಗೆ ನೀರೂ ಇದೆ.

ಸ್ಕಾರ್‌ಬರೋದ ಚಳಿಗಾಲಗಳಲ್ಲಿ ಫರ್ನೇಸಿನ ಒಣಗಾಳಿ ಬರುವ ಕಿಂಡಿಯ ಪಕ್ಕವೇ ಇಟ್ಟಿದ್ದ ನನ್ನ ಹೆಂಡತಿಯ ಉಂಗುರ ನಾಲ್ಕೇ ವರ್ಷದಲ್ಲಿ ಬಿರುಕು ಬಿಟ್ಟಿತು. ಅವಳ ತಾಯಿ ಕೊಟ್ಟದ್ದು. ಇನ್ನೊಂದು ಓಪಲ್ ಈಗ ಒದ್ದೆ ಹತ್ತಿಯೊಂದಿಗೆ ಡಬ್ಬಿಯಲ್ಲಿದೆ.