ತೊರೆಯ ಆಚೆ-ಈಚೆ ಒಂದೇ ಹಳ್ಳಿ

ಬರ್ಲಿನ್ ಗೋಡೆಯ ಹೆಸರು ಕೇಳದವರು ವಿರಳ. 1961ರಲ್ಲಿ ಎದ್ದು 1989ರಲ್ಲಿ ಉರುಳಿದ ಆ ಗೋಡೆ ಒಂದು ಮಹಾನಗರವನ್ನು ಎರಡಾಗಿ ಸೀಳಿತ್ತು. ಅಂಥದೇ ಒಂದು ಗೋಡೆ, ಐವತ್ತು ಮಂದಿಯೂ ಇರದ ಹಳ್ಳಿಯೊಂದರ ನಡುವೆಯೂ ಎದ್ದಿತ್ತು ಎಂಬ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆ ಹಳ್ಳಿಯ ಹೆಸರು ಮೋಡ್ಲಾರಾಯ್ಟ್.

ಬವೇರಿಯ ರಾಜ್ಯದ ಈಶಾನ್ಯ ಮೂಲೆಯಲ್ಲಿ ಹೋಫ್ ಎಂಬ ಪಟ್ಟಣವಿದೆ. ಅದರ ಉತ್ತರಕ್ಕೆ, ಏರುತಗ್ಗಿನ ಹೊಲಗಳು, ಹುಲ್ಲುಗಾವಲು, ಕಾಡುಗಳ ನಡುವಿನ ತಗ್ಗಿನಲ್ಲಿ ಈ ಹಳ್ಳಿ ನೆಲೆಸಿದೆ. ಹೆಸರಿನ ಕೊನೆಯಲ್ಲಿರುವ 'ರಾಯ್ಟ್' ಎಂಬ ಪದ ಕಾಡು ಕಡಿದು ಹಸನು ಮಾಡಿದ ನೆಲವನ್ನು ಸೂಚಿಸುತ್ತದೆ. ಇಲ್ಲಿನ ಜನ ತಲೆಮಾರುಗಳಿಂದ ಬೇಸಾಯಗಾರರು. ಹಳ್ಳಿಯ ನಡುವೆ ಟಾನ್‌ಬಾಖ್ ಎಂಬ ತೊರೆ ಹರಿಯುತ್ತದೆ. ಒಂದೇ ನೆಗೆತಕ್ಕೆ ದಾಟಬಹುದಾದಷ್ಟು ಕಿರಿದು ಅದು. ಈ ಹಳ್ಳಿಯ ಹಣೆಬರಹವನ್ನು ಬರೆದದ್ದು ಆ ತೊರೆಯೇ.

1810ರಲ್ಲಿ ಈ ತೊರೆಯನ್ನು ಅನುಸರಿಸಿ ಗಡಿಕಲ್ಲುಗಳನ್ನು ನೆಡಲಾಯಿತು. ಒಂದು ದಡ ಬವೇರಿಯ ಅರಸೊತ್ತಿಗೆಗೆ, ಇನ್ನೊಂದು ದಡ ರಾಯ್ಸ್ ಎಂಬ ಪುಟ್ಟ ಸಂಸ್ಥಾನಕ್ಕೆ ಸೇರಿತು. ಮೊದಲ ಮಹಾಯುದ್ಧದ ನಂತರ ಅರಸರು ಹೋದರು, ರಾಯ್ಸ್ ಭಾಗ 1920ರಲ್ಲಿ ತುರಿಂಗಿಯ ರಾಜ್ಯದಲ್ಲಿ ವಿಲೀನವಾಯಿತು. ಗಡಿ ಮಾತ್ರ ಹಾಗೆಯೇ ಉಳಿಯಿತು. ಆದರೆ ಅದು ಕಂದಾಯದ ಕಡತಗಳಲ್ಲಿದ್ದ ಗಡಿ. ಜನರ ಬದುಕಿನಲ್ಲಿ ಇರಲಿಲ್ಲ. ಶಾಲೆಯೂ ಪಾನಗೃಹವೂ ತುರಿಂಗಿಯದ ಕಡೆಗಿದ್ದವು. ಪ್ರಾರ್ಥನೆಗೆ ಬವೇರಿಯದ ಕಡೆಯ ಟ್ಯೋಪನ್ ಊರಿನ ಚರ್ಚಿಗೆ ಹೋಗಬೇಕಿತ್ತು. ಹೀಗೆ ಓದಲು ಒಂದು ರಾಜ್ಯಕ್ಕೂ ದೇವರ ಸ್ಮರಣೆಗೆ ಇನ್ನೊಂದು ರಾಜ್ಯಕ್ಕೂ ಹೋಗುವುದು ಇಲ್ಲಿನವರಿಗೆ ವಿಶೇಷವೇ ಆಗಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನು ವಿಜೇತರು ಹಂಚಿಕೊಂಡಾಗ ಹಳೆಯ ರಾಜ್ಯಗಳ ಎಲ್ಲೆಗಳನ್ನೇ ಬಹುಮಟ್ಟಿಗೆ ಆಧಾರವಾಗಿ ಇಟ್ಟುಕೊಂಡರು. ತುರಿಂಗಿಯ ಸೋವಿಯತ್ ವಲಯಕ್ಕೆ, ಬವೇರಿಯ ಅಮೆರಿಕದ ವಲಯಕ್ಕೆ ಸೇರಿದವು. 1949ರಲ್ಲಿ ಎರಡು ಜರ್ಮನ್ ರಾಷ್ಟ್ರಗಳು ಹುಟ್ಟಿದಾಗ ಟಾನ್‌ಬಾಖ್ ತೊರೆ ಅಂತರರಾಷ್ಟ್ರೀಯ ಗಡಿಯಾಯಿತು. ಆದರೂ ಮೊದಮೊದಲು ರಹದಾರಿ ಪತ್ರ ತೋರಿಸಿ ಆಚೀಚೆ ಹೋಗಿಬರಲು ಅವಕಾಶವಿತ್ತು.

ನಿಜವಾದ ಬೇರ್ಪಡೆ 1952ರ ಮೇ ತಿಂಗಳಲ್ಲಿ ಆರಂಭವಾಯಿತು. ಜನರು ಪಶ್ಚಿಮಕ್ಕೆ ವಲಸೆ ಹೋಗುವುದನ್ನು ತಡೆಯಲು ಪೂರ್ವ ಜರ್ಮನಿ ತನ್ನ ಗಡಿಯುದ್ದಕ್ಕೂ ಹತ್ತು ಮೀಟರಿನ ಉತ್ತ ಪಟ್ಟಿ, 500 ಮೀಟರಿನ ರಕ್ಷಣಾ ಪಟ್ಟಿ, ಐದು ಕಿಲೋಮೀಟರಿನ ನಿರ್ಬಂಧಿತ ವಲಯಗಳನ್ನು ರಚಿಸಿತು. 'ನಂಬಲನರ್ಹರು' ಎಂದು ಗುರುತಿಸಿದ ಸಾವಿರಾರು ಮಂದಿಯನ್ನು ಮನೆಮಠ ಬಿಡಿಸಿ ಒಳನಾಡಿಗೆ ಸಾಗಿಸಿತು. ಮೋಡ್ಲಾರಾಯ್ಟ್‌ನಲ್ಲಿ ಮೊದಲು ಎದ್ದದ್ದು ಮರದ ಹಲಗೆಯ ಬೇಲಿ. ಮುಂದೆ ಮುಳ್ಳುತಂತಿ ಬಂತು. 1966ರಲ್ಲಿ ಸುಮಾರು 700 ಮೀಟರ್ ಉದ್ದ, 3.3 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆಯೇ ನಿಂತಿತು.

ಸುಮಾರು 1,400 ಕಿಲೋಮೀಟರ್ ಉದ್ದದ ಈ ಗಡಿಯಲ್ಲಿ ಬಹುಪಾಲು ಇದ್ದುದು ಲೋಹದ ಜಾಲರಿಯ ಬೇಲಿ. ಹಾಗಿರುವಾಗ ಇಲ್ಲಿಗೆ ಗೋಡೆ ಏಕೆ? ಜಾಲರಿ ಮನುಷ್ಯರನ್ನು ತಡೆಯುತ್ತದೆ, ನೋಟವನ್ನು ತಡೆಯುವುದಿಲ್ಲ. ಮನೆಗಳು ಗಡಿಗೆ ಅಂಟಿಕೊಂಡಿದ್ದ ಕಡೆ ನೋಟವನ್ನೂ ಮುಚ್ಚಬೇಕಿತ್ತು. ಪೂರ್ವದ ನಿವಾಸಿಗಳು ಪಶ್ಚಿಮದವರಿಗೆ ಕೈಬೀಸುವುದಕ್ಕೂ ನಮಸ್ಕಾರ ಹೇಳುವುದಕ್ಕೂ ನಿಷೇಧವಿತ್ತು. ಪಶ್ಚಿಮದ ದಡದ ಮೇಲೆ ನಿಂತವರಿಗೆ ನೆಂಟರ ಮನೆ ಕಾಣುತ್ತಿತ್ತು, ಆದರೆ ಮಾತಿಗೆ ಉತ್ತರ ಬರುತ್ತಿರಲಿಲ್ಲ. 1973ರಲ್ಲಿ ವಾಹನ ಚಾಲಕನೊಬ್ಬ ಏಣಿಯ ನೆರವಿನಿಂದ ಗೋಡೆ ಹಾರಿ ತಪ್ಪಿಸಿಕೊಂಡ.

ಅಮೆರಿಕದ ಸೈನಿಕರು ಈ ಹಳ್ಳಿಯನ್ನು 'ಪುಟ್ಟ ಬರ್ಲಿನ್' ಎಂದು ಕರೆದರು. ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ 1983ರ ಫೆಬ್ರುವರಿಯಲ್ಲಿ ಇಲ್ಲಿಗೆ ಬಂದು ಗೋಡೆಯನ್ನು ನೋಡಿಹೋದರು. ಆರೇ ವರ್ಷಗಳ ನಂತರ, 1989ರ ನವೆಂಬರ್ 9ರಂದು ಬರ್ಲಿನ್ ಗೋಡೆಯ ಬಾಗಿಲು ತೆರೆಯಿತು. ಮೋಡ್ಲಾರಾಯ್ಟ್ ಮಾತ್ರ ಇನ್ನೊಂದು ತಿಂಗಳು ಕಾಯಬೇಕಾಯಿತು. ಡಿಸೆಂಬರ್ 9ರಂದು ಪಾದಚಾರಿಗಳಿಗೆ ದಾರಿ ಬಿಟ್ಟರು. 1990ರ ಜೂನ್ 17ರಂದು ಯಂತ್ರ ತಂದು ಗೋಡೆಯನ್ನು ಉರುಳಿಸಲಾಯಿತು. 1953ರಲ್ಲಿ ಪೂರ್ವ ಜರ್ಮನಿಯ ಕಾರ್ಮಿಕರು ದಂಗೆಯೆದ್ದು ಸೋವಿಯತ್ ಟ್ಯಾಂಕುಗಳಿಗೆ ಸಿಕ್ಕಿ ನಲುಗಿದ ದಿನವೂ ಜೂನ್ 17 ಆಗಿತ್ತು. ಗೋಡೆಯ ಒಂದು ತುಂಡನ್ನು, ಕಾವಲು ಗೋಪುರವನ್ನು ಹಾಗೆಯೇ ಉಳಿಸಿಕೊಂಡು ಅಲ್ಲೊಂದು ವಸ್ತುಸಂಗ್ರಹಾಲಯ ಬೆಳೆದಿದೆ.

ಹಾಗಾದರೆ ಹಳ್ಳಿ ಒಂದಾಯಿತೇ? ಆಡಳಿತದ ಲೆಕ್ಕದಲ್ಲಿ ಇಲ್ಲ. ಇಂದಿಗೂ ತೊರೆಯ ಒಂದು ದಡ ಬವೇರಿಯ, ಇನ್ನೊಂದು ತುರಿಂಗಿಯ. ಎರಡು ದಡಗಳಿಗೆ ಪಿನ್‌ಕೋಡ್ ಬೇರೆ, ದೂರವಾಣಿ ಸಂಕೇತ ಬೇರೆ, ವಾಹನಗಳ ನೋಂದಣಿ ಫಲಕ ಬೇರೆ. ಎದುರಾದಾಗ ಬವೇರಿಯದವರು ದೇವರ ಹೆಸರೆತ್ತಿ ವಂದಿಸಿದರೆ ಆಚೆಯವರು 'ಶುಭದಿನ' ಎನ್ನುತ್ತಾರೆ. ಇದರಿಂದ ಯಾರಿಗೂ ತೊಂದರೆಯಿಲ್ಲ.

1810ರ ಗಡಿ, 1966ರ ಗಡಿ, ಇಂದಿನ ಗಡಿ ಮೂರೂ ಒಂದೇ ತೊರೆಯ ಗುಂಟ ಸಾಗುತ್ತವೆ. ಗೆರೆ ಎಳೆದ ಮಾತ್ರಕ್ಕೆ ಊರು ಒಡೆಯುವುದಿಲ್ಲ. ಅದನ್ನು ದಾಟಿ ನೆರೆಯವನ ಮನೆಗೆ ಹೋಗುವ ಹಕ್ಕನ್ನು ಕಿತ್ತುಕೊಂಡಾಗ ಒಡೆಯುತ್ತದೆ. ಈ ಪುಟ್ಟ ಹಳ್ಳಿ ಅದನ್ನು ನಾಲ್ಕು ದಶಕ ಅನುಭವಿಸಿ ತಿಳಿದಿದೆ.