ಗಿಟಾರ್ ಕಲಿಯಲು ನಿಮ್ಮ ಬೆರಳು ಸರಿಯಿಲ್ಲವೇ? ಹೊಸಬರನ್ನು ಅರ್ಧಕ್ಕೇ ನಿಲ್ಲಿಸುವ ಆರು ತಪ್ಪು ನಂಬಿಕೆಗಳು

ಡಿಸೆಂಬರ್ ಬಂತೆಂದರೆ ಪುಲಿಕೇಶಿನಗರದ ಬೀದಿಗಳಲ್ಲಿ ರಾತ್ರಿ ಹೊತ್ತು ಕ್ಯಾರೊಲ್ ಹಾಡುವ ಗುಂಪುಗಳು ಮನೆಮನೆಗೆ ಬರುತ್ತವೆ. ಗುಂಪಿನಲ್ಲಿ ಒಂದಾದರೂ ಗಿಟಾರ್ ಇರುತ್ತದೆ. ಹಳಬರು ಇವತ್ತಿಗೂ ಫ್ರೇಜರ್ ಟೌನ್ ಎಂದೇ ಕರೆಯುವ ಈ ಬಡಾವಣೆಯಲ್ಲಿ ಚರ್ಚು, ಮದುವೆ, ಕಾಲೇಜು ಫೆಸ್ಟು ಎಂದು ಗಿಟಾರ್ ಸದ್ದು ಕೇಳುತ್ತಲೇ ಇರುತ್ತದೆ. ಬೀರುವಿನ ಮೇಲೆ ಧೂಳು ಹಿಡಿದು ಕೂತ ಗಿಟಾರ್‌ಗಳೂ ಕಡಿಮೆಯಿಲ್ಲ. ನಮ್ಮ ಮನೆಯದು ನಾಲ್ಕು ವರ್ಷ ಹಾಗೇ ಇತ್ತು.

‘ಗಿಟಾರ್ ಹಿಡಿದವರಲ್ಲಿ ಶೇ. 90 ಮಂದಿ ಒಂದು ವರ್ಷದೊಳಗೆ ಬಿಟ್ಟುಬಿಡುತ್ತಾರೆ’ ಎಂಬ ಸಾಲನ್ನು ನೀವೂ ಓದಿರಬಹುದು. ಇದು ಹೆಚ್ಚಾಗಿ ಅಮೆರಿಕದ ಗಿಟಾರ್ ಕಂಪನಿ ಫೆಂಡರ್‌ನ ಮುಖ್ಯಸ್ಥರಾಗಿದ್ದ ಆ್ಯಂಡಿ ಮೂನಿ ಸಂದರ್ಶನಗಳಲ್ಲಿ ಹೇಳಿದ ಮಾತಾಗಿ ಹರಿದಾಡಿದೆ. ಕಂಪನಿಯೊಂದು ತನ್ನ ಗ್ರಾಹಕರ ಬಗ್ಗೆ ಹೇಳಿದ ಲೆಕ್ಕವನ್ನು ಜಗತ್ತಿನ ಎಲ್ಲರಿಗೂ ಅನ್ವಯಿಸಲಾಗದು. ಆದರೆ ತುಂಬಾ ಜನ ಬಿಡುತ್ತಾರೆ ಎಂಬುದು ಯಾವ ಗಿಟಾರ್ ಮೇಷ್ಟ್ರನ್ನು ಕೇಳಿದರೂ ಗೊತ್ತಾಗುತ್ತದೆ. ಬಿಡುವಾಗ ಹೆಚ್ಚಿನವರು ಹೇಳುವುದು ಒಂದೇ: ‘ನನಗೆ ಇದು ಒಗ್ಗುವುದಿಲ್ಲ.’

ಒಂದೇ ಮಾತಿನಲ್ಲಿ: ತಪ್ಪು ಅನೇಕ ಸಲ ಬೆರಳಿನದ್ದಲ್ಲ, ಪ್ರತಿಭೆಯದ್ದೂ ಅಲ್ಲ. ಗಿಟಾರ್ ಸರಿಹೊಂದಿಸದೆ ಇರುವುದು ಮತ್ತು ಅಭ್ಯಾಸದ ಬಗ್ಗೆ ನಮ್ಮ ತಲೆಯಲ್ಲಿ ಕೂತಿರುವ ತಪ್ಪು ಲೆಕ್ಕಗಳೇ ಕಾರಣ. ಎರಡನ್ನೂ ಸರಿಪಡಿಸಬಹುದು.

ನಂಬಿಕೆ 1: ಬೆರಳು ಕೊಯ್ದುಹೋಗುವಷ್ಟು ಒತ್ತಿದರೇ ಕಲಿಯುವುದು

ನಿಜ: ಮೊದಲ ಕೆಲವು ವಾರ ಎಡಗೈ ಬೆರಳ ತುದಿ ಉರಿಯುವುದು ಸಹಜ. ನಿತ್ಯ ಸ್ವಲ್ಪ ಸ್ವಲ್ಪ ನುಡಿಸಿದರೆ ಅಲ್ಲಿ ಚರ್ಮ ಜಡ್ಡುಗಟ್ಟಿ ಉರಿ ತಾನಾಗಿ ಕಡಿಮೆಯಾಗುತ್ತದೆ. ಆದರೆ ರಕ್ತ ಬರುತ್ತಿದ್ದರೆ, ಎಷ್ಟು ಒತ್ತಿದರೂ ಸ್ವರ ಹೊರಡದಿದ್ದರೆ, ಮೊದಲು ಗಿಟಾರ್ ನೋಡಿ.

ತಂತಿಗೂ ಫ್ರೆಟ್‌ಗೂ ನಡುವಿನ ಎತ್ತರವನ್ನು ‘ಆ್ಯಕ್ಷನ್’ ಎನ್ನುತ್ತಾರೆ. ಸೊನ್ನೆ ಅಂಚಿನಿಂದಲೇ ಶುರುವಾಗುವ ಸ್ಟೀಲ್ ಸ್ಕೇಲನ್ನು 12ನೇ ಫ್ರೆಟ್ ಮೇಲೆ ನಿಲ್ಲಿಸಿ ಅಳೆಯಿರಿ. ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಈ ಎತ್ತರ ಸುಮಾರು 2ರಿಂದ 3 ಮಿ.ಮೀ. ಇದ್ದರೆ ಸರಿ. ನೈಲಾನ್ ತಂತಿಯದ್ದರಲ್ಲಿ 3ರಿಂದ 4 ಮಿ.ಮೀ. ನಾನು ತಂದಿದ್ದ ಅಗ್ಗದ ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಅದು 5 ಮಿ.ಮೀ. ದಾಟಿತ್ತು. ನಾಲ್ಕು ವರ್ಷದ ಮೇಲೆ ರಿಪೇರಿಯವರೊಬ್ಬರು ತಂತಿಯ ಕೆಳಗಿನ ಬಿಳಿ ಪಟ್ಟಿಯನ್ನು ತುಸು ಉಜ್ಜಿ ತಗ್ಗಿಸಿ, ನೆಕ್ ಸರಿಮಾಡಿ ಕೊಟ್ಟರು. ನನ್ನಿಂದ ಆಗುವುದೇ ಇಲ್ಲ ಎಂದುಕೊಂಡಿದ್ದ ‘ಎಫ್’ ಕಾರ್ಡ್ ಅದೇ ವಾರ ನುಡಿಯಿತು. ಬದಲಾಗಿದ್ದು ನನ್ನ ಬೆರಳಲ್ಲ.

ಒತ್ತುವ ಜಾಗವೂ ಮುಖ್ಯ. ಎರಡು ಫ್ರೆಟ್‌ಗಳ ನಟ್ಟನಡುವೆ ಒತ್ತಿದರೆ ಹೆಚ್ಚು ಬಲ ಬೇಕು, ಜೊತೆಗೆ ತಂತಿ ಕಿರಿಕಿರಿ ಸದ್ದು ಮಾಡುತ್ತದೆ. ಫ್ರೆಟ್ಟಿನ ಹಿಂದೆ, ಅದಕ್ಕೆ ಅಂಟಿದಂತೆ ಒತ್ತಿದರೆ ಕಡಿಮೆ ಬಲ ಸಾಕು.

ಕೆಲವು ಫಾರ್ವರ್ಡ್‌ಗಳಲ್ಲಿ ಬೆರಳಿಗೆ ವಿನಿಗರ್, ಸ್ಪಿರಿಟ್, ಕ್ವಿಕ್‌ಫಿಕ್ಸ್‌ನಂತಹ ಅಂಟು ಹಚ್ಚಿ ಎಂದು ಬರೆದಿರುತ್ತದೆ. ಬೇಡ. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ, ಅಂಟು ಚರ್ಮಕ್ಕೆ ತೊಂದರೆ ಮಾಡಬಹುದು. ಸ್ನಾನ ಮಾಡಿದ ಅಥವಾ ಪಾತ್ರೆ ತೊಳೆದ ಕೂಡಲೇ ನುಡಿಸದಿದ್ದರೆ ಸಾಕು. ಆಗ ಚರ್ಮ ಮೆತ್ತಗಿರುತ್ತದೆ.

ಎಚ್ಚರಿಕೆ: ಬೆರಳ ತುದಿಯ ಉರಿ ಬೇರೆ, ಕೈ ಜೋಮು ಹಿಡಿಯುವುದು ಬೇರೆ. ಮಣಿಕಟ್ಟಿನಲ್ಲಿ ನೋವು, ಬೆರಳಲ್ಲಿ ಜುಮ್ಮೆನ್ನುವುದು, ಹಿಡಿತ ಸಡಿಲವಾಗುವುದು ಕಂಡರೆ ನುಡಿಸುವುದನ್ನು ನಿಲ್ಲಿಸಿ. ಕೆಲವು ದಿನ ವಿರಾಮ ಕೊಟ್ಟರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಇದನ್ನು ‘ಸಾಧನೆಯ ನೋವು’ ಎಂದು ಸಹಿಸಿಕೊಳ್ಳಬೇಡಿ.

ನಂಬಿಕೆ 2: ಯಾವ ಗಿಟಾರ್‌ಗೆ ಯಾವ ತಂತಿಯಾದರೂ ಆದೀತು

ನಿಜ: ನೈಲಾನ್ ತಂತಿಗಳ ಒಂದು ಸೆಟ್ ಗಿಟಾರನ್ನು ಒಟ್ಟು ಸುಮಾರು 40 ಕೆ.ಜಿ. ಬಲದಿಂದ ಎಳೆಯುತ್ತದೆ. ಸ್ಟೀಲ್ ತಂತಿಗಳಾದರೆ ಅದು 70 ಕೆ.ಜಿ. ದಾಟುತ್ತದೆ. ನೈಲಾನ್‌ಗೆಂದು ಮಾಡಿದ ಕ್ಲಾಸಿಕಲ್ ಗಿಟಾರ್‌ಗೆ ‘ಸದ್ದು ಜೋರಾಗಿ ಬರಲಿ’ ಎಂದು ಸ್ಟೀಲ್ ಹಾಕಿದರೆ ಬ್ರಿಜ್ ಕಿತ್ತು ಬರಬಹುದು, ನೆಕ್ ಬಾಗಬಹುದು. ಸ್ಟೀಲ್ ಗಿಟಾರ್ ಬೆರಳಿಗೆ ಬಿಗಿ ಎನಿಸಿದರೆ ಅದಕ್ಕೇ ತೆಳುವಾದ ತಂತಿ ಸೆಟ್ ಸಿಗುತ್ತದೆ.

ಇದು ಹೊಸಬರಷ್ಟೇ ಬಳಸುವ ಉಪಾಯವಲ್ಲ. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ 17ರ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕು, ತಂತಿ ಒತ್ತುವ ಕೈಯ ಎರಡು ಬೆರಳ ತುದಿ ಕಳೆದುಕೊಂಡರು. ಪ್ಲಾಸ್ಟಿಕ್ ಕರಗಿಸಿ ತಾವೇ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಹಗುರ ತಂತಿ ಹಾಕಿಕೊಂಡರು. ಅವರ ಸಂಗೀತ ನಿಲ್ಲಲಿಲ್ಲ.

ನಂಬಿಕೆ 3: ಬೆರಳು ಗಿಡ್ಡ, ವಯಸ್ಸಾಯಿತು, ನಾನು ಎಡಚ

ನಿಜ: ಜಾಂಗೋ ರೈನ್‌ಹಾರ್ಟ್ ಎಂಬ ಜಾಝ್ ಕಲಾವಿದರ ಎಡಗೈಯ ಎರಡು ಬೆರಳು 1928ರ ಬೆಂಕಿ ಅವಘಡದಲ್ಲಿ ಸೊಟ್ಟಗಾದವು. ಉಳಿದ ಎರಡು ಬೆರಳಲ್ಲೇ ಅವರು ನುಡಿಸಿದ್ದನ್ನು ಇವತ್ತಿಗೂ ಜಗತ್ತು ಕೇಳುತ್ತಿದೆ. ಎಲ್ಲರೂ ಹಾಗಾಗಬಲ್ಲರು ಎಂದಲ್ಲ. ಬೆರಳಿನ ಉದ್ದ ಒಂದನ್ನೇ ನೋಡಿ ತೀರ್ಮಾನ ಬೇಡ ಎಂದಷ್ಟೇ. ಕೈ ಚಿಕ್ಕದಿದ್ದರೆ, ಮಕ್ಕಳಿಗಾದರೆ, ಚಿಕ್ಕ ಅಳತೆಯ ಗಿಟಾರ್ ಸಿಗುತ್ತದೆ.

ನಲವತ್ತು ದಾಟಿದವರಿಗೆ ಬೆರಳು ಪಳಗಲು ಸಮಯ ಹೆಚ್ಚು ಬೇಕಾಗಬಹುದು, ಆದರೆ ಕಲಿಯುವ ಶಕ್ತಿ ಮುಗಿದಿರುವುದಿಲ್ಲ. ಎಡಚರಾಗಿದ್ದ ಜಿಮಿ ಹೆಂಡ್ರಿಕ್ಸ್ ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು ನುಡಿಸಿದರು. ಎಡಚ ಮಕ್ಕಳಿಗೆ ಎರಡೂ ಬಗೆ ಹಿಡಿಸಿ ನೋಡಿ, ಶುರುವಿನಲ್ಲೇ ಒಂದನ್ನು ಆರಿಸಿಕೊಳ್ಳಲಿ. ಒತ್ತಾಯ ಬೇಡ.

ನಂಬಿಕೆ 4: 21 ದಿನದಲ್ಲಿ ಬರುತ್ತದೆ, ಇಲ್ಲವೇ 10,000 ಗಂಟೆ ಬೇಕು

ನಿಜ: ಎರಡು ಅಂಕಿಗಳೂ ದಾರಿ ತಪ್ಪಿ ಬಂದವು. ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್, ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕಾಗುತ್ತದೆ ಎಂದು 1960ರ ಪುಸ್ತಕದಲ್ಲಿ ಬರೆದರು. ಹೇಳುತ್ತ ಹೇಳುತ್ತ ‘ಕನಿಷ್ಠ’ ಉದುರಿಹೋಯಿತು, ‘21’ ಉಳಿಯಿತು. ಲಂಡನ್ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಹೊಸ ಅಭ್ಯಾಸ ರೂಢಿಯಾಗಲು ಎಷ್ಟು ದಿನ ಬೇಕೆಂದು ನೋಡಿದಾಗ ಸಿಕ್ಕ ಅಂದಾಜು ಸುಮಾರು 66 ದಿನ. ಅದೂ ಒಬ್ಬೊಬ್ಬರಿಗೆ ಒಂದೊಂದು: 18ರಿಂದ 254 ದಿನದವರೆಗೆ.

10,000 ಗಂಟೆ ಬಂದದ್ದು ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ, ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನದಿಂದ. ಅಲ್ಲಿನ ಅತ್ಯುತ್ತಮರು 20ರ ವಯಸ್ಸಿಗೆ ಸರಾಸರಿ ಅಷ್ಟು ಅಭ್ಯಾಸ ಮಾಡಿದ್ದರು. ಹುಟ್ಟುಹಬ್ಬದಲ್ಲಿ ಒಂದು ಹಾಡು ನುಡಿಸಬೇಕೆನ್ನುವ ನಿಮಗೆ ಆ ಲೆಕ್ಕ ಸಂಬಂಧಿಸಿದ್ದಲ್ಲ.

ಹಾಗಾದರೆ ದಿನಕ್ಕೆ ಎಷ್ಟು? 1978ರಲ್ಲಿ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸುವ ಪ್ರಯೋಗ ಪ್ರಕಟಿಸಿದರು. ದಿನಕ್ಕೆ ಒಂದು ಗಂಟೆ ಕಲಿತವರಿಗೆ, ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಒಟ್ಟಾರೆ ಕಡಿಮೆ ಗಂಟೆಗಳೇ ಸಾಕಾದವು. ತಮಾಷೆ ಎಂದರೆ, ಒಂದು ಗಂಟೆಯ ಗುಂಪಿನವರಿಗೇ ತಮ್ಮ ವೇಳಾಪಟ್ಟಿ ಹೆಚ್ಚು ಹಿಡಿಸಲಿಲ್ಲ. ನಿಧಾನ ಎನಿಸುತ್ತಿತ್ತು. ಗಿಟಾರ್ ಕೂಡ ಬೆರಳಿನ ಕೆಲಸವೇ. ಭಾನುವಾರ ಮೂರು ಗಂಟೆ ಕೂರುವ ಬದಲು ದಿನವೂ 20 ನಿಮಿಷ ಕೂತು ನೋಡಿ.

ನಂಬಿಕೆ 5: 432 ಹರ್ಟ್ಜ್‌ಗೆ ಟ್ಯೂನ್ ಮಾಡಿದರೆ ದೇಹಕ್ಕೆ ಒಳ್ಳೆಯದು

ನಿಜ: ಇದು ವಾಟ್ಸ್‌ಆ್ಯಪ್‌ನ ಹಳೆಯ ಅತಿಥಿ. ‘440 ಹರ್ಟ್ಜ್ ನಾಝಿಗಳ ಸಂಚು’ ಎಂಬ ಬಾಲವೂ ಇದಕ್ಕಿದೆ. ಸಂಚಿಗೆ ಪುರಾವೆ ಇಲ್ಲ. ಎಲ್ಲ ವಾದ್ಯಗಳು ಒಟ್ಟಿಗೆ ಹೊಂದಲಿ ಎಂದು 1939ರ ಲಂಡನ್ ಸಭೆಯಲ್ಲಿ 440 ಒಪ್ಪಿತವಾಯಿತು, ಮುಂದೆ ಅದೇ ಅಂತರರಾಷ್ಟ್ರೀಯ ಮಾನದಂಡವಾಯಿತು. 432 ರೋಗ ವಾಸಿ ಮಾಡುತ್ತದೆ ಎಂಬುದಕ್ಕೂ ನಂಬುವಂತಹ ಆಧಾರವಿಲ್ಲ. ನಮ್ಮ ಸಂಗೀತದಲ್ಲಂತೂ ಷಡ್ಜ ಹಾಡುವವರ ಕಂಠಕ್ಕೆ ತಕ್ಕಂತೆ ಏರಿಳಿಯುತ್ತದೆ. ಪವಿತ್ರ ಅಂಕಿ ಎಂಬುದೇ ಇಲ್ಲ.

ಹೊಸಬರಿಗೆ ಇದರಿಂದ ನಷ್ಟವಿದೆ. 432ಕ್ಕೆ ಟ್ಯೂನ್ ಮಾಡಿದ ಗಿಟಾರ್ ಅರ್ಧ ಸ್ವರದ ಮೂರನೇ ಒಂದು ಭಾಗದಷ್ಟು ಇಳಿದಿರುತ್ತದೆ. ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಜೊತೆಗೆ ನುಡಿಸಿದರೆ ಅಪಸ್ವರ. ‘ನನ್ನ ಕಿವಿ ಸರಿಯಿಲ್ಲ’ ಎಂದು ನೀವೇ ಅಂದುಕೊಳ್ಳುತ್ತೀರಿ. ಉಚಿತ ಟ್ಯೂನರ್ ಆ್ಯಪ್‌ನಲ್ಲಿ 440 ಇಟ್ಟು, ಪ್ರತಿ ಸಲ ನುಡಿಸುವ ಮೊದಲು ಟ್ಯೂನ್ ಮಾಡಿ. ಬೆಂಗಳೂರಿನಲ್ಲಿ ಮಾರ್ಚ್ ಹೊತ್ತಿಗೆ ಗಾಳಿ ಒಣಗುತ್ತದೆ, ಮಳೆಗಾಲದಲ್ಲಿ ತೇವ ಏರುತ್ತದೆ. ಮರ ಕುಗ್ಗಿ ಹಿಗ್ಗಿದಂತೆ ಶ್ರುತಿಯೂ ಆ್ಯಕ್ಷನ್ನೂ ಬದಲಾಗುತ್ತವೆ.

ನಂಬಿಕೆ 6: ಹಾಡಿನ ವೇಗದಲ್ಲೇ ನುಡಿಸಬೇಕು

ನಿಜ: ವೇಗದಲ್ಲಿ ತಪ್ಪು ನುಡಿಸಿದರೆ ಬೆರಳು ತಪ್ಪನ್ನೇ ಕಲಿಯುತ್ತದೆ. ಎರಡೇ ಕಾರ್ಡ್ ಹಿಡಿಯಿರಿ, ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನು ಮೆಟ್ರೊನೋಮ್ ಆ್ಯಪ್ ಜೊತೆ ನಿಧಾನಕ್ಕೆ ಮಾಡಿ. ತಪ್ಪಿಲ್ಲದೆ ಬಂದ ಮೇಲಷ್ಟೇ ವೇಗ ಏರಿಸಿ. ಹೊಸಬರು ಎಡವುವುದು ಕಾರ್ಡ್‌ನಲ್ಲಿ ಅಲ್ಲ, ಕಾರ್ಡ್ ಬದಲಾಯಿಸುವಾಗ. ಎಡಗೈ ತಡವಾದರೂ ಬಲಗೈ ತಾಳ ಬಿಡದಿರಲಿ.

ಬಿಡುವ ಮೊದಲು ಒಮ್ಮೆ ನೋಡಿ

• 12ನೇ ಫ್ರೆಟ್ ಬಳಿ ತಂತಿಯ ಎತ್ತರ ಅಳೆದಿರಾ?
• ತಂತಿ ಆ ಗಿಟಾರ್‌ಗೆಂದೇ ಮಾಡಿದ್ದೇ? ತುಕ್ಕು ಹಿಡಿದಿಲ್ಲವೇ?
• ಇವತ್ತು ಟ್ಯೂನ್ ಮಾಡಿದಿರಾ?
• ಮಣಿಕಟ್ಟು ಸೊಟ್ಟಗೆ ಬಾಗಿಲ್ಲವೇ? ಬಲ್ಲವರೊಬ್ಬರಿಗೆ ಒಮ್ಮೆ ತೋರಿಸಿದಿರಾ? ನೀವು ಕೂತ ರೀತಿ ತಪ್ಪಿದ್ದರೆ ವಿಡಿಯೊ ಅದನ್ನು ತಿದ್ದುವುದಿಲ್ಲ.
• ಈ ವಾರ ಎಷ್ಟು ಗಂಟೆ ಎಂದಲ್ಲ, ಎಷ್ಟು ದಿನ ನುಡಿಸಿದಿರಿ?

ಇಷ್ಟೂ ಸರಿಯಿದ್ದು, ಆಮೇಲೂ ಆಸಕ್ತಿ ಬರದಿದ್ದರೆ ಬಿಡುವುದರಲ್ಲಿ ತಪ್ಪೇನಿಲ್ಲ. ಆದರೆ ಮನೆಯ ಮಗುವಿಗೆ ‘ನಿನ್ನ ಕೈಲಾಗದು ಬಿಡು’ ಎನ್ನುವ ಮೊದಲು ಆ ಸ್ಕೇಲ್ ಹಿಡಿದು ತಂತಿ ಅಳೆಯಿರಿ. ‘21 ದಿನದಲ್ಲಿ ಗಿಟಾರ್’ ಎಂಬ ಮೆಸೇಜ್ ನಿಮ್ಮ ಗ್ರೂಪಿಗೆ ಬಂದಾಗ ಅದರ ಕೆಳಗೆ ಇದನ್ನೂ ಕಳಿಸಿ.