ಸರಕಾರಿ ನೌಕರರ ಮುಷ್ಕರವೂ ಚೌಕಾಶಿಯ ಹಕ್ಕೂ

ಸರಕಾರವೇ ಧಣಿಯಾದಲ್ಲಿ ನೌಕರನು ಯಾರೊಡನೆ, ಯಾವ ಬಲದಿಂದ ಚೌಕಾಶಿ ಮಾಡಬೇಕು? ಸ್ವತಂತ್ರ ಭಾರತದ ಎರಡು ಮುಷ್ಕರಗಳು ಈ ಪ್ರಶ್ನೆಯನ್ನು ಎತ್ತಿದುವು.

1960ರ ಜುಲೈಯಲ್ಲಿ ಕೇಂದ್ರ ನೌಕರರು, ಎರಡನೆಯ ವೇತನ ಆಯೋಗದ ಶಿಫಾರಸುಗಳಿಂದ ಅತೃಪ್ತರಾಗಿ, ಮುಷ್ಕರ ಹೂಡಿದರು. ಸರಕಾರ ಸುಗ್ರೀವಾಜ್ಞೆಯ ಮೂಲಕ ಅದನ್ನು ಎದುರಿಸಿತು. ವಾರ ತುಂಬುವ ಮೊದಲೇ ಮುಷ್ಕರ ನಿಂತಿತು. ಮರುವರ್ಷ ಸುಪ್ರೀಂ ಕೋರ್ಟು, ಬ್ಯಾಂಕು ನೌಕರರ ಮೊಕದ್ದಮೆಯಲ್ಲಿ, ಸಂಘ ಕಟ್ಟುವ ಮೂಲಭೂತ ಹಕ್ಕಿನಲ್ಲಿ ಸಾಮೂಹಿಕ ಚೌಕಾಶಿಯಾಗಲಿ ಮುಷ್ಕರವಾಗಲಿ ಅಡಕವಾಗಿಲ್ಲವೆಂದು ತೀರ್ಪಿತ್ತಿತು. 1966ರಲ್ಲಿ ಜಂಟಿ ಸಮಾಲೋಚನಾ ವ್ಯವಸ್ಥೆ ಏರ್ಪಟ್ಟಿತು. ಮಾತಿಗೆ ವೇದಿಕೆಯೇನೋ ದೊರೆಯಿತು. ರೈಲ್ವೆ ನೌಕರರ ಬೋನಸ್ಸಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕರ ನಡುವೆ ಮುಂದಾಳಾದ ಜಾರ್ಜ್ ಫರ್ನಾಂಡಿಸರು 1974ರಲ್ಲಿ ಅದನ್ನೂ, ಎಂಟು ತಾಸಿನ ದುಡಿಮೆಯನ್ನೂ ಮುಂದಿಟ್ಟರು. ಮಾತುಕತೆ ಮುಗಿಯುವ ಮೊದಲೇ, ಮೇ 2ರಂದು, ಅವರ ಬಂಧನವಾಯಿತು. ಮೇ 8ರಂದು ತೊಡಗಿದ ಮುಷ್ಕರವನ್ನು ಸಹಸ್ರಾರು ಬಂಧನಗಳ ಬಳಿಕ 27ರಂದು ಬರಿಗೈಯಲ್ಲಿ ಹಿಂತೆಗೆಯಬೇಕಾಯಿತು. ಆದರೆ 1979ರಲ್ಲಿ ಬೋನಸ್ಸು ಮಂಜೂರಾಯಿತು!

ರೈಲು ನಿಂತರೆ ನಾಡಿಗೆ ಕಷ್ಟವೆಂಬ ಸರಕಾರದ ವಾದ ಸುಳ್ಳಲ್ಲ. ಆದರೆ ಐದು ವರ್ಷಗಳ ಮೇಲೆ ನ್ಯಾಯವೆನಿಸಿದ ಬೇಡಿಕೆ ಮೊದಲೇ ಅನ್ಯಾಯವಾಗಿತ್ತೆ? ಮುಷ್ಕರವನ್ನು ತಡೆಯುವ ಕಾನೂನು, ಆಲಿಸುವ ಹೊಣೆಯನ್ನೂ ಧಣಿಯ ಮೇಲೆ ಹೊರಿಸಿದ್ದರೆ, ಆ ಇಪ್ಪತ್ತು ದಿನಗಳ ಸಂಕಟ ತಪ್ಪುತ್ತಿತ್ತೇನೋ.